ಅಣ್ಣನಿಗೆ ಬೌಲಿಂಗ್ ಮಾಡಿದ್ದು

ನಮ್ಮ ದೊಡ್ಡಪ್ಪನ ಮಗ ದೇಶದ ತಂಡಕ್ಕೆ ಆಡಿದವನು. ಕಲಬುರಗಿಯಲ್ಲಿ ನಾನು ಎಲ್ಲಿಗೆ ಹೋದರೂ ನನಗಿಂತ ಮೊದಲು ಈ ಸಂಗತಿ ಅಲ್ಲಿ ಹೋಗಿ ಕೂತಿರುತ್ತದೆ. ಬ್ಯಾಂಕಿನಲ್ಲಿ, ಮದುವೆಮನೆಯಲ್ಲಿ, ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದು ಮಲಗಿದಾಗ ಕೂಡ, ಅವರ ತಂಗಿ ಅಲ್ಲೇನ್ರೀ ನೀವು ಎಂದು ಕೇಳುತ್ತಾರೆ. ಹೌದು ಅನ್ನುತ್ತೇನೆ. ಆಮೇಲೆ ಅವರು ಅವನನ್ನು ಹೊಗಳಿ ಮುಗಿಸುವವರೆಗೆ ಕಾಯುತ್ತೇನೆ. ಅವನ ಆಟದ ಬಗ್ಗೆ ನನಗೆ ಯಾವತ್ತೂ ತಿರಸ್ಕಾರ ಇರಲಿಲ್ಲ. ಅವನ ಬಾಯಿಯ ಬಗ್ಗೆ ಇದೆ.

ದೊಡ್ಡಪ್ಪನದು ತೊಗರಿಬೇಳೆಯ ಮಿಲ್. ನಮ್ಮಪ್ಪ ಅದೇ ಮಿಲ್ಲಿನಲ್ಲಿ ಮೇಲ್ವಿಚಾರಣೆ ನೋಡುತ್ತಿದ್ದ, ಅಂದರೆ ತನ್ನ ಅಣ್ಣ ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತಿದ್ದ. ಮನೆ ಹಿಂದೆಯೇ ಮಿಲ್ಲು, ಮಿಲ್ಲಿನ ಮುಂದೆ ತೊಗರಿ ಒಣಗಿಸಲು ಫರ್ಸಿಕಲ್ಲು ಹಾಸಿದ ಅಗಲವಾದ ಅಂಗಳ. ಬಿಸಿಲೇರಿದ ಮೇಲೆ ಕೂಲಿ ಹೆಂಗಸರು ಬಂದು ತೊಗರಿ ಹರವುತ್ತಿದ್ದರು. ಅದಕ್ಕೂ ಮೊದಲಿನ ಎರಡು ತಾಸು ಅಂಗಳ ದೊಡ್ಡಪ್ಪನ ಮಗನದು, ನನ್ನ ಈ ಅಣ್ಣನದು. ಆ ಹೊತ್ತಿನಲ್ಲಿ ಮನೆಯಲ್ಲಿ ಎದ್ದಿರುತ್ತಿದ್ದವಳು ನಾನೊಬ್ಬಳೇ ಆದ್ದರಿಂದ, ಹತ್ತನೇ ವಯಸ್ಸಿನಲ್ಲಿ ನನ್ನನ್ನು ಬೌಲಿಂಗಿಗೆ ನಿಲ್ಲಿಸಿದ. ಅವನು ನನಗಿಂತ ಮೂರು ವರ್ಷ ದೊಡ್ಡವನು.

ಜೋರಾಗಿ ಹಾಕುವ ಶಕ್ತಿ ನನ್ನ ತೋಳಿನಲ್ಲಿ ಇರಲಿಲ್ಲ. ಹಾಗಾಗಿ ಚೆಂಡನ್ನು ಬೆರಳಲ್ಲಿ ತಿರುಚಿ ಬಿಡತೊಡಗಿದೆ. ಅದು ಫರ್ಸಿಗೆ ಬಿದ್ದು ಅವನ ಬ್ಯಾಟಿನಿಂದ ದೂರ ಸರಿದು ಹೋಗುತ್ತಿತ್ತು. ಊರಿನ ರೋಜಾ ಮೊಹಲ್ಲಾದ ಕಡೆ ಬ್ಯಾಟು ರಿಪೇರಿ ಮಾಡುವ ಒಬ್ಬ ಚಾಚಾ ಇದ್ದರು. ಒಮ್ಮೆ ಅವರ ಅಂಗಡಿಯಲ್ಲಿ ಸುಮ್ಮನೆ ಚೆಂಡು ತಿರುಗಿಸುತ್ತ ನಿಂತಿದ್ದೆ. ಅವರು ಅಣ್ಣನ ಬ್ಯಾಟು ಪಕ್ಕಕ್ಕಿಟ್ಟು ನನ್ನ ಮಣಿಕಟ್ಟು ಹಿಡಿದು ಸ್ವಲ್ಪ ಒಳಕ್ಕೆ ತಿರುಗಿಸಿದರು. 'ಕೈ ಅದೇ ಇರಬೇಕು ಬೇಟಿ, ಬಾಲ್ ಮಾತ್ರ ಉಲ್ಟಾ ಹೋಗಬೇಕು' ಅಂದರು. ಅದು ಗೂಗ್ಲಿ ಅಂತ ನನಗೆ ಗೊತ್ತಾದದ್ದು ಎಷ್ಟೋ ದಿನಗಳ ಮೇಲೆ.

ಆ ಚೆಂಡಿಗೆ ಅಣ್ಣ ಎರಡು ತಿಂಗಳು ಔಟಾದ. ಬ್ಯಾಟು ಬೀಸಿ ಒಗೆದ, ಫರ್ಸಿಯ ಸಂದಿಗೆ ಬಿತ್ತು ಅಂದ, ನಾನು ಗೆರೆ ದಾಟಿದೆ ಅಂದ. ಕೊನೆಗೆ ನನ್ನ ಕೈಯನ್ನೇ ನೋಡಲು ಕಲಿತ. ಆರು ವರ್ಷ ಹೀಗೇ ನಡೆಯಿತು. ಮುಂದೆ ಟಿವಿಯಲ್ಲಿ ಇಂಗ್ಲಿಷ್ ಕಾಮೆಂಟರಿಯವರು, ಸ್ಪಿನ್ ಆಡುವ ಕಲೆ ಈತನಿಗೆ ಹುಟ್ಟಿನಿಂದ ಬಂದದ್ದು ಎಂದು ಹೊಗಳುತ್ತಿದ್ದರು. ಹುಟ್ಟಿನಿಂದ ಬಂದದ್ದಲ್ಲ. ಬೆಳಗಿನ ಐದೂವರೆಯಿಂದ ಬಂದದ್ದು.

ನನಗೆ ಹದಿನಾರು ತುಂಬಿದ ವರ್ಷ ಒಂದು ಬೆಳಿಗ್ಗೆ ದೊಡ್ಡಪ್ಪ ಪಡಸಾಲೆಗೆ ಬಂದು ನಿಂತ. ನನಗೆ ಏನೂ ಹೇಳಲಿಲ್ಲ. ನಮ್ಮಪ್ಪನನ್ನು ಕರೆದು, ವ್ಯಾಪಾರಿಗಳು ಬಂದು ಹೋಗುವ ಜಾಗ, ಬೆಳೆದ ಹುಡುಗಿ ಅಂಗಳದಲ್ಲಿ ಜಿಗಿದಾಡುವುದು ಚೆನ್ನಾಗಿ ಕಾಣುವುದಿಲ್ಲ ಅಂದ. ಅಪ್ಪ ಹೂಂ ಅಂದ. ನಾನು ಅಣ್ಣನ ಮುಖ ನೋಡಿದೆ. ಅವನು ಪ್ಯಾಡು ಕಟ್ಟಿಕೊಂಡು ನಿಂತಿದ್ದ. ತನ್ನಪ್ಪನಿಗೆ ಒಂದೇ ಮಾತು ಹೇಳಿದ.

'ಹಂಗಾದ್ರ ನನಗ ಬಾಲ್ ಹಾಕೋರು ಯಾರು?'

ಹದಿನೈದು ದಿನದೊಳಗೆ ಹೈದರಾಬಾದಿನಿಂದ ಚೆಂಡೆಸೆಯುವ ಯಂತ್ರ ಬಂತು.

ಅವನು ರಾಜ್ಯಕ್ಕೆ ಆಡಿದ, ದೇಶಕ್ಕೆ ಆಡಿದ. ಜಗತ್ ಸರ್ಕಲ್ಲಿನಲ್ಲಿ ಅವನ ಆಳೆತ್ತರದ ಬ್ಯಾನರು ಎದ್ದಿತು. ಮೊದಲ ದೊಡ್ಡ ಸಂದರ್ಶನದ ದಿನ ಮನೆಮಂದಿಯೆಲ್ಲ ಟಿವಿ ಮುಂದೆ ಕೂತಿದ್ದೆವು. ಎಳೆತನದಲ್ಲಿ ಹೇಗೆ ಅಭ್ಯಾಸ ಮಾಡಿದಿರಿ ಎಂದು ಕೇಳಿದರು. ಕಾಲುಚೀಲದಲ್ಲಿ ಚೆಂಡು ಹಾಕಿ, ಮನೆಯಂಗಳದ ಬೇವಿನ ಮರಕ್ಕೆ ತೂಗುಹಾಕಿ, ಒಬ್ಬನೇ ಹೊಡೆಯುತ್ತಿದ್ದೆ ಅಂದ. ನಮ್ಮ ಅಂಗಳದಲ್ಲಿ ಬೇವಿನ ಮರವೇ ಇಲ್ಲ. ತೊಗರಿಯಲ್ಲಿ ಎಲೆ ಉದುರುತ್ತದೆಂದು ದೊಡ್ಡಪ್ಪ ಒಂದು ತುಳಸಿಯನ್ನೂ ಅಲ್ಲಿ ಬಿಟ್ಟಿರಲಿಲ್ಲ. ಆ ಕೋಣೆಯಲ್ಲಿ ಕೂತ ಪ್ರತಿಯೊಬ್ಬರಿಗೂ ಇದು ಗೊತ್ತಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಮ್ಮಪ್ಪ ಎಲ್ಲರಿಗಿಂತ ಜೋರಾಗಿ ತಟ್ಟಿದ. ಅವತ್ತಿನಿಂದ ನಾನು ಆ ಮನೆಯ ಮಂದಿಯನ್ನು ಮನಸ್ಸಿನಲ್ಲಿ ಬಹುವಚನದಿಂದ ಕರೆದಿಲ್ಲ.

ದೇಶದ ತಂಡದಲ್ಲಿ ಅವನ ಆಟ ಮೂರು ವರ್ಷ ನಡೆಯಿತು. ಎದೆಯೆತ್ತರಕ್ಕೆ ಏಳುವ ಚೆಂಡು ಅವನಿಗೆ ಆಗಿಬರಲಿಲ್ಲ. ಪಕ್ಕೆಲುಬು ಮುರಿದುಕೊಂಡು ಮರುದಿನ ಮತ್ತೆ ಬ್ಯಾಟು ಹಿಡಿದು ಹೋದ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ತಂಡದಿಂದ ಕೈಬಿಟ್ಟ ಮೇಲೆ ಟಿವಿಯಲ್ಲಿ ಕೂತು ಬೇರೆಯವರ ಆಟಕ್ಕೆ ಬುದ್ಧಿ ಹೇಳತೊಡಗಿದ. ಸಿಮೆಂಟಿನ ಜಾಹೀರಾತಿನಲ್ಲಿ ಗೋಡೆಗೆ ಬ್ಯಾಟು ಬಡಿದ.

ಅಷ್ಟರಲ್ಲಿ ನಾನು ಕಮಲಾಪುರದ ಒಂದು ಹೈಸ್ಕೂಲಿನಲ್ಲಿ ಪಿಟಿ ಟೀಚರ್ ಆಗಿದ್ದೆ. ದಿನಾ ಕಲಬುರಗಿಯಿಂದ ಬಸ್ಸಿಗೆ ಹೋಗಿ ಬರುತ್ತಿದ್ದೆ. ಹುಡುಗಿಯರ ಒಂದು ಕ್ರಿಕೆಟ್ ತಂಡ ಕಟ್ಟಿದ್ದೆ. ಹೆಡ್‌ಮಾಸ್ತರರಿಗೆ ನನ್ನ ತಂಡಕ್ಕಿಂತ ನನ್ನ ಅಣ್ಣನ ಮೇಲೆ ಆಸೆ. ವರ್ಷವಿಡೀ ಕಾಡಿಸಿ ಅವನನ್ನು ಸನ್ಮಾನಕ್ಕೆ ಕರೆಸಿಕೊಂಡರು. ಅವನು ಎರಡು ತಾಸು ತಡವಾಗಿ ಬಂದ. ಬಿಸಿಲಲ್ಲಿ ಕಾದ ಮಕ್ಕಳಿಂದ ಅವನ ಹೆಸರು ಕೂಗಿಸಿದರು. ಶಾಲು ಹೊದಿಸಿ, ಊರಿನ ಕೆಂಪು ಬಾಳೆಯ ಗೊನೆಯನ್ನೇ ತಂದು ಮುಂದಿಟ್ಟರು. ಪಥ್ಯದಲ್ಲಿದ್ದೇನೆ ಎಂದು ಒಂದು ಹಣ್ಣನ್ನೂ ಮುಟ್ಟಲಿಲ್ಲ. ಮೈಕು ಹಿಡಿದು, ಮೊದಲ ಸಾಲಿನಲ್ಲಿ ಕೂತ ನನ್ನ ತಂಡದ ಹುಡುಗಿಯರಿಗೆ ಕಾಲುಚೀಲದ ಕಥೆ ಹೇಳಿದ. ಪಕ್ಕದಲ್ಲೇ ನಾನು ನಿಂತಿದ್ದೆ. ಅವನ ದನಿ ಎಲ್ಲಿಯೂ ತಡವರಿಸಲಿಲ್ಲ.

ಆಮೇಲೆ ಹೆಡ್‌ಮಾಸ್ತರರ ಕೋಣೆಯಲ್ಲಿ ಅವನಿಗೆ ಊಟ. ಉಳಿದವರು ಕೈ ತೊಳೆಯಲು ಹೊರಗೆ ಹೋದಾಗ ನಾವಿಬ್ಬರೇ ಉಳಿದೆವು.

'ಆ ಬೇವಿನ ಗಿಡ ಯಾವ ಕಡೆ ಇತ್ತು ಅಣ್ಣ?' ಎಂದು ಕೇಳಿದೆ.

ಅವನು ನಕ್ಕು ಬಾಗಿಲ ಕಡೆ ನೋಡಿದ. ನಾನು ನಗಲಿಲ್ಲ ಅಂತ ಕಂಡ ಮೇಲೆ ತಟ್ಟೆ ನೋಡುತ್ತ ಹೇಳಿದ. ಮೊದಲ ಕ್ಯಾಂಪಿನಲ್ಲಿ ಯಾರೋ ಕೇಳಿದಾಗ ಖರೆ ಹೇಳಿದ್ದನಂತೆ, ನಮ್ಮ ತಂಗಿ ಬಾಲ್ ಹಾಕುತ್ತಿದ್ದಳು ಎಂದು. ಕೋಣೆಯಲ್ಲಿದ್ದ ಹುಡುಗರು ಬಿದ್ದು ಬಿದ್ದು ನಕ್ಕರಂತೆ. ತಿಂಗಳುಗಟ್ಟಲೆ ಅವನನ್ನು ಹೆಣ್ಣಿನ ಹೆಸರಿಟ್ಟು ಕರೆದರಂತೆ.

'ಅವಾಗಿಂದ ಹಂಗ ಹೇಳ್ಕೋತ ಬಂದೀನಿ. ಈಗ ಬದಲು ಮಾಡಿದ್ರ ಸುಳ್ಳ ಅಂತಾರ' ಅಂದ.

ಒಂದು ಗಳಿಗೆ ಅವನ ಮೇಲೆ ಕನಿಕರ ಬಂತು. ಹೆಡ್‌ಮಾಸ್ತರರು ಒಳಗೆ ಬರುವಷ್ಟರಲ್ಲಿ ಹೋಯಿತು. ಮುರಿದ ಪಕ್ಕೆಲುಬು ಕಟ್ಟಿಕೊಂಡು ಬ್ಯಾಟಿಂಗಿಗೆ ಹೋದ ಗಂಡಸು, ನಾಲ್ಕು ಹುಡುಗರ ನಗೆಗೆ ಇಷ್ಟು ವರ್ಷ ಹೆದರಿಕೊಂಡು ಬದುಕಿದ್ದ. ಅದನ್ನು ನನ್ನ ಮುಂದೆ ಒಪ್ಪಿಕೊಂಡ ಮೇಲೂ ಕಾರು ಹತ್ತುವಾಗ ಹುಡುಗಿಯರಿಗೆ ಕಾಲುಚೀಲ ತಗೊಳ್ಳಿ ಎಂದು ತಮಾಷೆ ಮಾಡಿ ಹೋದ.

ಈಗ ಕಾಲ ಬದಲಾಗಿದೆ. ಹೆಣ್ಣುಮಕ್ಕಳ ಪಂದ್ಯಕ್ಕೂ ಮಂದಿ ತುಂಬುತ್ತಾರೆ, ಟಿವಿಯವರು ಬೆಳಗಿನಿಂದ ಅದನ್ನೇ ತೋರಿಸುತ್ತಾರೆ. ಹೋದ ವರ್ಷ ಅಂಥದೇ ಒಂದು ಪಂದ್ಯದ ನಡುವೆ ಟಿವಿಯಲ್ಲಿ ಅಣ್ಣ ಕಣ್ಣೊರೆಸಿಕೊಂಡು, ತನ್ನ ಮೊದಲ ಗುರು ತನ್ನ ತಂಗಿ ಅಂದ. ಬೇವಿನ ಮರ ಒಂದೇ ಏಟಿಗೆ ಉರುಳಿತು. ಹಿಂದೆ ಸುಳ್ಳು ಹೇಳಿದ್ದೆ ಅಂತ ಅವನು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಅವತ್ತು ಮನೆಮಂದಿಯ ಫೋನುಗಳು ಒಂದರ ಹಿಂದೆ ಒಂದು ಬಂದವು. ಎಲ್ಲರಿಗೂ ಎಲ್ಲಾ ನೆನಪಾಗಿತ್ತು.

ವಾರದೊಳಗೆ ಒಂದು ಜಾಹೀರಾತು ಕಂಪನಿಯ ಹುಡುಗಿ ಕಮಲಾಪುರಕ್ಕೆ ಬಂದಳು. ತುಂಬಾ ಮರ್ಯಾದೆಯಿಂದ ಮಾತಾಡಿದಳು. ನಾನು ಇಳಕಲ್ ಸೀರೆ ಉಟ್ಟು, ಕೈತುಂಬಾ ಬಳೆ ತೊಟ್ಟು ಮಿಲ್ಲಿನ ಅಂಗಳದಲ್ಲಿ ಅಣ್ಣನಿಗೆ ಚೆಂಡು ಹಾಕಬೇಕಂತೆ. ಆಮೇಲೆ ಕ್ಯಾಮೆರಾ ನೋಡಿ, ಅಣ್ಣನ ಕನಸೇ ನನ್ನ ಕನಸು ಅನ್ನಬೇಕಂತೆ. ಅದನ್ನು ಕಾಗದದಲ್ಲಿ ಬರೆದುಕೊಂಡೂ ಬಂದಿದ್ದಳು. ನಾನು ಟ್ರ್ಯಾಕ್ ಪ್ಯಾಂಟಿನಲ್ಲಿ ಬೆವರಿಕೊಂಡು ನಿಂತಿದ್ದೆ. ಕಾಗದ ವಾಪಸು ಕೊಟ್ಟು ಚಹಾ ಕುಡಿಸಿ ಕಳಿಸಿದೆ.

ಸಂಜೆ ಅಣ್ಣನ ಫೋನು ಬಂತು.

'ನಿನ್ನ ಹೆಸರ ಬರ್ಲಿ ಅಂತ ಮಾಡೀನಿ. ಇನ್ನೇನ್ ಮಾಡ್ಬೇಕು ನಾ?'

'ದೊಡ್ಡಪ್ಪ ಆಟ ಬಂದ್ ಮಾಡ್ಸಿದ ದಿನ ನೀ ಏನಂದಿ, ಅದನ್ನ ಹೇಳು. ಬರ್ತೇನಿ' ಅಂದೆ.

'ಏನಂದಿದ್ದೆ?'

ಅವನು ನಟಿಸುತ್ತಿರಲಿಲ್ಲ. ಅವನಿಗೆ ನಿಜವಾಗಿ ನೆನಪಿರಲಿಲ್ಲ. ನಾನು ಇಪ್ಪತ್ತು ವರ್ಷಕ್ಕೂ ಮೇಲೆ ಹೊತ್ತು ತಿರುಗಿದ ಮಾತು ಅದು. ಹೇಳಿದೆ. 'ನಾನು ಹಂಗ ಅಂದಿರಲಿಕ್ಕಿಲ್ಲ' ಎಂದು ಹೇಳಿ ಅವನು ಫೋನಿಟ್ಟ.

ನನ್ನ ಬದಲು ಯಾರೋ ನಟಿಯನ್ನು ಕರೆತಂದು ಚಿತ್ರ ತೆಗೆದರು. ಈಗ ದಿನಕ್ಕೆ ನಾಲ್ಕು ಸಲ ಅದು ಟಿವಿಯಲ್ಲಿ ಬರುತ್ತದೆ. ಹುಡುಗಿ ಚೆಂದ ಇದ್ದಾಳೆ. ಮೊಣಕೈ ಮಡಚಿ ಚೆಂಡನ್ನು ಎಸೆಯುತ್ತಾಳೆ, ಅಣ್ಣ ಮುಂದೆ ಬಂದು ಗೌರವದಿಂದ ಆಡುತ್ತಾನೆ. ನಮ್ಮವ್ವ ಅದು ಬಂದಾಗಲೆಲ್ಲ ಕಣ್ಣೊರೆಸಿಕೊಳ್ಳುತ್ತಾಳೆ. ಅಕಿ ನಿನ್ನಂಗೇ ಕಾಣ್ತಾಳ ನೋಡು ಅನ್ನುತ್ತಾಳೆ. ನಾನು ಚಾನೆಲ್ ಬದಲಿಸುವುದಿಲ್ಲ. ಆ ಹುಡುಗಿಯ ಕೈ ನೋಡುತ್ತೇನೆ, ಅವನ ಕಾಲು ನೋಡುತ್ತೇನೆ. ಎಡಗಾಲು ಆ ಅಂಗಳದ ದಿನಗಳಂತೆ ಇನ್ನೂ ಅರ್ಧ ಹೆಜ್ಜೆ ತಡವಾಗಿಯೇ ಬರುತ್ತದೆ.

ಮೊನ್ನೆ ರವಿವಾರ ನಮ್ಮ ಹುಡುಗಿಯರನ್ನು ಟೆಂಪೋದಲ್ಲಿ ಮಹಾಗಾಂವಕ್ಕೆ ಪಂದ್ಯಕ್ಕೆ ಕರೆದುಕೊಂಡು ಹೋಗಿದ್ದೆ. ಹೀನಾಯವಾಗಿ ಸೋತರು. ಬರುವಾಗ ದಾರಿಯುದ್ದಕ್ಕೂ ಅಂಪೈರನ್ನು ಬೈದರು. ಅಂಪೈರ್ ಸರಿಯಾಗಿಯೇ ಕೊಟ್ಟಿದ್ದ. ಹಾಗಂತ ಹೇಳಿದ್ದಕ್ಕೆ ಕಮಲಾಪುರ ಬರುವವರೆಗೆ ಒಬ್ಬರೂ ನನ್ನೊಂದಿಗೆ ಮಾತಾಡಲಿಲ್ಲ.