ಮೆಲೆಯ ಪಾಲಿನ ರೊಟ್ಟಿ

ನಮ್ಮ ಸೀಮೆಯಲ್ಲಿ ವಿಕಲಚೇತನರ ಭಾರ ಎತ್ತುವ ಆಟ ಎಂದೊಡನೆ ಜನ ಮೊದಲು ಹೇಳುವ ಹೆಸರು ಜಗದೇವಿಯವರದು. ನಾವೆಲ್ಲ ‘ಅಕ್ಕೋರು’ ಎಂದು ಕರೆಯುವ ಈ ವ್ಯಾಯಾಮ ಶಿಕ್ಷಕಿ ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಅವರನ್ನೂ ಅವರ ಮಕ್ಕಳಂಥ ಆಟಗಾರರನ್ನೂ ನನ್ನ ಮೂರು ಗಾಲಿಯ ಟಂಟಂನಲ್ಲಿ ಕೂರಿಸಿಕೊಂಡು ಊರೂರು ತಿರುಗಿಸಿದವನು ನಾನು, ಪೆದ್ದೆಮುಲ್‌ನ ಸಾಯಪ್ಪ. ದೊಡ್ಡವರು ಬರೆದ ಈ ಅಭಿನಂದನ ಪುಸ್ತಕದಲ್ಲಿ ನನಗೂ ಜಾಗ ಕೊಟ್ಟಿದ್ದಾರೆ. ಸ್ವಲ್ಪ ಬಣ್ಣ ಹಚ್ಚಿ ಹೇಳುವುದು ನನ್ನ ಅಭ್ಯಾಸ, ಹಿರಿಯರು ಸಹಿಸಿಕೊಳ್ಳಬೇಕು.

ಅಕ್ಕೋರ ಸೇವೆ ಶುರುವಾದದ್ದು ನಾರಾಯಣಖೇಡದಲ್ಲಿ. ಹತ್ತಿರದ ಕಲ್ಹೇರ್‌ನಲ್ಲಿ ಪೋಲಿಯೋದಿಂದ ಕಾಲು ಸೋತ ಭೀಮವ್ವ ಎಂಬವಳಿದ್ದಳು. ಬಾವಿಕಟ್ಟೆಯ ಮೇಲೆ ಕುಳಿತು ಅವಳು ಹಗ್ಗ ಜಗ್ಗಿದರೆ ಕೊಡದ ಹಿಂದೆ ಬಾವಿಯೇ ಮೇಲೆ ಬರುತ್ತಿತ್ತು. ಅಷ್ಟೇನಿಲ್ಲ ಎಂದು ಅಕ್ಕೋರು ಹೇಳುತ್ತಾರೆ, ಆದರೆ ಅದನ್ನು ನೋಡಿ ನಿಂತುಬಿಟ್ಟವರೂ ಅವರೇ. “ಇಂಥಾ ತೋಳ ಬರೇ ನೀರ ಸೇದಾಕ ಅದಾವೇನವ್ವ?” ಎಂದು ಕೇಳಿ, ಅವಳ ತಾಯಿಯನ್ನು ಒಪ್ಪಿಸಿ, ಮಲಗಿಕೊಂಡು ತೋಳಿನಿಂದಲೇ ಭಾರ ಎತ್ತುವುದನ್ನು ಕಲಿಸಿದರು. ಮುಂದೆ ತಾಂಡೂರಿಗೆ ವರ್ಗವಾದಾಗ ನೆಲಕ್ಕೆ ಹಾಸುವ ಅಲ್ಲಿಯ ಪರಸಿಗಲ್ಲೇ ಮಲಗುವ ಹಲಗೆಯಾಯಿತು, ತೊಗರಿ ಚೀಲವೇ ಭಾರವಾಯಿತು. ಚೀಲ ಹೊತ್ತು ತಂದದ್ದು ನನ್ನ ಟಂಟಂ. ಅದರ ಬೆನ್ನು ಅಂದಿನಿಂದ ಇಂದಿನವರೆಗೆ ನೆಟ್ಟಗಾಗಿಲ್ಲ. ಜಹೀರಾಬಾದಿಗೆ ಬಂದ ಮೇಲೆ ದಾನಿಗಳು ಒಂದು ಶೆಡ್ಡನ್ನೂ ನಿಜವಾದ ಬೆಂಚನ್ನೂ ಕೊಟ್ಟರು.

ಆ ಶೆಡ್ಡಿಗೇ ಬಂದವಳು ಮೆಲೆ. ಪೆಸಿಫಿಕ್ ಸಾಗರದ ಒಂದು ಪುಟ್ಟ ದ್ವೀಪದೇಶದವಳು. ಆ ದೇಶದ ಜನರನ್ನೆಲ್ಲ ನಮ್ಮ ಸಂತೆಯಲ್ಲಿ ನಿಲ್ಲಿಸಿದರೂ ಬದನೆಕಾಯಿ ಮಾರುವವರಿಗೆ ಜಾಗ ಉಳಿದೀತು. ಹೈದರಾಬಾದಿನಲ್ಲಿ ವಿಕಲಚೇತನರ ಅಂತರರಾಷ್ಟ್ರೀಯ ಪಂದ್ಯವಿತ್ತು. ಅದಕ್ಕೆ ಆ ದೇಶದಿಂದ ಬಂದ ತಂಡವೆಂದರೆ ಗಾಲಿಕುರ್ಚಿಯಲ್ಲಿ ಕುಳಿತ ಮೆಲೆ ಒಬ್ಬಳೇ. ಹಿಂದೊಮ್ಮೆ ಒಂದು ಪಂದ್ಯದಲ್ಲಿ ಅಕ್ಕೋರ ಪರಿಚಯವಾಗಿತ್ತು. ಅವರನ್ನೇ ತರಬೇತುದಾರರೆಂದು ಬರೆಸಿ, ಒಂದು ತಿಂಗಳು ಮುಂಚೆಯೇ ಬಂದಿಳಿದಳು. ಎದೆಯ ಮೇಲೆ ಅಡ್ಡಲಾಗಿ ತನ್ನ ದೇಶದ ಹೆಸರಿದ್ದ ನೀಲಿ ಜಾಕೆಟ್ಟೊಂದನ್ನು ಅಕ್ಕೋರ ಅಳತೆಗೆ ಹೊಲಿಸಿ ತಂದಿದ್ದಳು.

ಅವಳು ಎತ್ತಬೇಕಾದದ್ದು ಐವತ್ತೈದು ಕಿಲೋ ಮೈತೂಕದವರ ವರ್ಗದಲ್ಲಿ. ತೂಕ ಅದನ್ನು ದಾಟಿದರೆ ಎತ್ತುವ ಹಾಗಿಲ್ಲ. ಇಡೀ ದೇಶವೇ ಎತ್ತದೆ ಮನೆಗೆ ಹೋದಂತೆ. ಇದನ್ನು ಬಲ್ಲ ಅಕ್ಕೋರು ಅವಳಿಗೆ ಕನ್ನಡದಲ್ಲಿ ಮೊದಲು ಕಲಿಸಿದ ಮಾತು ‘ಸಾಕ್ರಿ’.

ನಮ್ಮ ಕಡೆ ಮೊದಲನೇ ಸಾಕು ಎಂಬುದು ಬರೀ ಮರ್ಯಾದೆ. ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿದು, ಬಾಗಿ, ದೇವರಾಣೆ ಹಾಕುವವರೆಗೆ ಯಾರೂ ನಿಲ್ಲಿಸುವುದಿಲ್ಲ. ಹುಟ್ಟಿದಾಗಿನಿಂದ ಇಲ್ಲೇ ಉಂಡ ಅಕ್ಕೋರಿಗೆ ಇದನ್ನು ಹೇಳಿಕೊಡಬೇಕೆಂದು ಹೊಳೆಯಲೇ ಇಲ್ಲ.

ಶೆಡ್ಡಿನ ಎದುರುಮನೆಯ ಹಣಮಮ್ಮನವರ ರೊಟ್ಟಿ ಎಷ್ಟು ತೆಳುವೆಂದರೆ ಅದರೊಳಗಿಂದ ಬೀದರ್ ಕೋಟೆ ಕಾಣುತ್ತದೆ. ಒಂದು ಉಂಡು ಮೆಲೆ ನಗುತ್ತ “ಸಾಕ್ರಿ” ಎಂದಳು.

“ಎಷ್ಟ್ ಮರ್ಯಾದಿ ನೋಡ್ರಿ ಅಕೀಗಿ!” ಎಂದು ಹಣಮಮ್ಮ ಇನ್ನೊಂದು ರೊಟ್ಟಿ ಹಾಕಿದರು.

“ಸಾಕ್ರಿ, ಸಾಕ್ರಿ!”

“ಎರಡ್ ಸಲ ಅಂದಳು. ಎರಡ್ ಹಾಕು ಹಣಮಕ್ಕ,” ಎಂದರು ಪಕ್ಕದ ಲಚ್ಚಮ್ಮ, ಮೇಲೊಂದು ಹಿಡಿ ಶೇಂಗಾ ಹಿಂಡಿಯ ಚಟ್ನಿಪುಡಿ ಬಡಿಸುತ್ತ.

ಹೀಗೆ ಓಣಿಯೆಲ್ಲ ಸರದಿ ನಡೆಯಿತು. ಹದಿನೈದು ದಿನಕ್ಕೆ ಅಡತಿ ಅಂಗಡಿಯ ತೂಕದ ಕಾಟಾದ ಮೇಲೆ ಕೂರಿಸಿದರೆ ಮುಳ್ಳು ಐವತ್ತೆಂಟಕ್ಕೆ ಹೋಗಿ ನಿಂತಿತು. ಮೆಲೆ ಅತ್ತಳು, ಅವಳು ಅತ್ತದ್ದನ್ನು ನೋಡಿ ಹಣಮಮ್ಮ ಹೋಳಿಗೆ ತಂದರು.

“ಊಟಾ ಹಾಕಬ್ಯಾಡ್ರೆವ್ವಾ, ನಿಮ್ಮ ಕಾಲ ಬೀಳ್ತೀನಿ,” ಎಂದರು ಅಕ್ಕೋರು.

“ಬಂದ ಅತಿಥಿಗಿ ಉಪಾಸ ಕೆಡವಂತೀರೇನ್ರಿ ಅಕ್ಕೋರ? ಶಿವ ಮೆಚ್ಚತಾನೇನ್?” ಎಂದರು ಹಣಮಮ್ಮ.

ಉಪವಾಸ ಎಂದದ್ದೇ ಅಕ್ಕೋರಿಗೆ ಉಪಾಯವಾಯಿತು. ಮೆಲೆ ಸೋಮವಾರ ಹಿಡಿದಿದ್ದಾಳೆಂದು ಸಾರಿದರು. ಸೋಮವಾರ ಬೆಳಗಾಗುವಷ್ಟರಲ್ಲಿ ಉಪವಾಸದವಳ ಮುಂದೆ ಸಾಬೂದಾನಿ ಖಿಚಡಿ, ಶೇಂಗಾದುಂಡಿ, ಬಾಳೆಹಣ್ಣು ಗುಡ್ಡೆ ಬಿದ್ದವು. “ಉಪಾಸ ಅದಾಳ, ಪಾಪ, ಶಕ್ತಿ ಬ್ಯಾಡೇನ್ರಿ?” ಎಂದರು ಲಚ್ಚಮ್ಮ.

ಆಗ ಅಕ್ಕೋರು ಮೆಲೆಯ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತರು. “ಅಕೀ ಪಾಲಿಂದು ನನ್ನ ತಾಟಿಗಿ ಹಾಕ್ರಿ. ಅಕೀ ಹೆಸರಿಲೆ ನಾ ಉಂಡ್ರ ಅಕಿ ಉಂಡಂಗ.” ಒಬ್ಬರ ಹೆಸರಿನಲ್ಲಿ ಇನ್ನೊಬ್ಬರಿಗೆ ಉಣಿಸುವುದು ನಮ್ಮಲ್ಲಿ ಇದ್ದದ್ದೇ, ಯಾರೂ ತಕರಾರು ಮಾಡಲಿಲ್ಲ. ಅಂದಿನಿಂದ ಮೆಲೆಗೆ ಒಂದು ರೊಟ್ಟಿ, ಒಂದಿಷ್ಟು ಬೇಳೆ. ಉಳಿದದ್ದೆಲ್ಲ ಅಕ್ಕೋರಿಗೆ. ಒಂದು ಹೊತ್ತು ಉಣ್ಣುವ ಆ ತಾಯಿ ಮನೆಮನೆಗೆ ಹೋಗಿ, ಬೆವರು ಒರೆಸಿಕೊಳ್ಳುತ್ತ, ಒಂದು ದೇಶದ ಮಾನವನ್ನು ಉಂಡು ಕಾಪಾಡಿದರು.

ಪಂದ್ಯದ ದಿನ ಓಣಿಯ ಅರ್ಧ ಜನ ನನ್ನ ಟಂಟಂನಲ್ಲೇ ಹೈದರಾಬಾದಿಗೆ ಬಂದಿದ್ದರು. ತೂಕದ ಕೋಣೆಯಿಂದ ಮೆಲೆ ಹೊರಬಂದು ಎರಡೂ ಕೈ ಎತ್ತಿದಳು. ಕೂದಲೆಳೆಯಷ್ಟು ಕಡಿಮೆ! ಅಕ್ಕೋರು ಗೋಡೆಗೆ ಒರಗಿ ಕಣ್ಣೊರೆಸಿಕೊಂಡರು. ಹಣಮಮ್ಮ ಮಾತ್ರ, “ಅಯ್ಯ, ಎಷ್ಟ್ ಸೊರಗ್ಯಾಳ್ರೀ ಕೂಸು!” ಎಂದು ಲೊಚಗುಟ್ಟಿದರು.

ಆಮೇಲೆ ನೋಡಿದರೆ ಆ ನೀಲಿ ಜಾಕೆಟ್ಟು ಅಕ್ಕೋರಿಗೆ ಮುಚ್ಚುತ್ತಿಲ್ಲ. ಧ್ವಜದ ಮೆರವಣಿಗೆಯಲ್ಲಿ ಆ ದೇಶದ ಹೆಸರು ಅರ್ಧ ಅವರ ಎಡಕ್ಕೆ, ಅರ್ಧ ಬಲಕ್ಕೆ ಹೊರಟಿತು. ನಡುವೆ ನಮ್ಮ ಓಣಿಯ ರೊಟ್ಟಿಗಳಿದ್ದವು.

ಮೆಲೆಗೆ ಪದಕ ಬರಲಿಲ್ಲ. ಮೊದಲೆರಡು ಸಲ ತಪ್ಪಿ, ಕೊನೆಯ ಸಲ ಎತ್ತಿದಳು. ಅವಳ ದೇಶದಲ್ಲಿ ಅಷ್ಟು ಭಾರ ಯಾರೂ ಎತ್ತಿರಲಿಲ್ಲ. ಎತ್ತುವವರು ಬೇರೆ ಯಾರೂ ಇರಲಿಲ್ಲ ಎಂಬುದು ಬೇರೆ ಮಾತು. ಈಗ ಇದ್ದಾರೆ. ಅವಳನ್ನು ನೋಡಿ ಅಲ್ಲಿ ಇನ್ನೂ ಕೆಲವರು ಬೆಂಚಿನ ಮೇಲೆ ಮಲಗಿದ್ದಾರೆ. ಮೊನ್ನೆ ಅವಳು ವಿಡಿಯೋ ಕರೆ ಮಾಡಿ, ಕಲಿಸಲು ಅಕ್ಕೋರೇ ಬರಬೇಕೆಂದು ಹಟ ಹಿಡಿದಳು. ಅಕ್ಕೋರು, “ನಂದು ಆತವ್ವ, ಸರ್ಕಾರನೂ ಸಾಕಂದದ” ಎಂದು ನಕ್ಕರು.

ಅಕ್ಕೋರೇ, ನೀವು ನೂರು ವರ್ಷ ಗಟ್ಟಿಯಾಗಿರಿ. ಜಾಕೆಟ್ಟಿನ ಹೊಲಿಗೆ ಬಿಚ್ಚಿಸಿ, ಸಡಿಲ ಮಾಡಿಸಿಟ್ಟಿದ್ದೇನೆ; ಹೊರಡಿ. ಸರ್ಕಾರ ಅಂದದ್ದು ಮೊದಲನೇ ಸಾಕು. ಅದನ್ನು ನಮ್ಮ ಕಡೆ ಯಾರು ಕೇಳಿದ್ದಾರೆ?