ಆಟಕ್ಕೆ ಬೆನ್ನು ಮಾಡಿ ಕೂತವನು

ಮಗಳು ಸಹನಾ ಮೊದಲ ಸಲ ಒಬ್ಬಳೇ ಭಾಂಡುಪ್‌ಗೆ ಆಡಲು ಹೋದ ಆ ಭಾನುವಾರ ಏನೇನು ಕೆಡಬಹುದಿತ್ತು ಎಂಬುದನ್ನೆಲ್ಲ ನಾನು ಶನಿವಾರವೇ ಯೋಚಿಸಿ ಮುಗಿಸಿದ್ದೆ. ಹಳಿ ರಿಪೇರಿಗೆಂದು ಮೆಗಾಬ್ಲಾಕ್ ಆಗಿ ಸಯನ್‌ನಲ್ಲಿ ಲೋಕಲ್ ನಿಲ್ಲದೇ ಹೋಗಬಹುದಿತ್ತು. ಕುರ್ಲಾದಲ್ಲಿ ಗಡಿಬಿಡಿಯಿಂದ ಫಾಸ್ಟ್ ಗಾಡಿ ಹತ್ತಿ, ಭಾಂಡುಪ್ ಕಣ್ಣೆದುರೇ ಹಾದುಹೋಗಿ, ಆಕೆ ಠಾಣೆಯಲ್ಲಿ ಇಳಿಯಬಹುದಿತ್ತು. ಕಿಟ್ ಬ್ಯಾಗು ಬಾಗಿಲಿನ ಗದ್ದಲದಲ್ಲಿ ಸಿಕ್ಕಿಕೊಂಡು, ಆಕೆ ಒಳಗೆ, ಬ್ಯಾಗು ಹೊರಗೆ ಆಗಬಹುದಿತ್ತು. ಎರಡು ವರ್ಷ ತಂತಿ ಕಟ್ಟಿಸಿ ನೆಟ್ಟಗೆ ಮಾಡಿಸಿದ ಹಲ್ಲಿಗೆ ಚೆಂಡು ಬಡಿಯಬಹುದಿತ್ತು. ಹೊಸ ಟೀಮಿನ ಹುಡುಗಿಯರು ಅಂದು ಆಕೆಯನ್ನು ಎದುರಾಳಿಯಂತೆ ಕಂಡು ಮಾತಾಡಿಸದಿರಬಹುದಿತ್ತು. ಹಳೆಯ ಟೀಮಿನೆದುರು ಎಸೆಯಬೇಕಲ್ಲ ಎಂದು ಗುರಿ ತಪ್ಪಬಹುದಿತ್ತು. ಸೋತು ಬಂದು, ಬ್ಯಾಗನ್ನು ಅಟ್ಟದ ಮೇಲೆ ಒಗೆದು, ಇನ್ನು ಆಡುವುದಿಲ್ಲ ಎನ್ನಬಹುದಿತ್ತು. ನಿಜವಾದ ಹೆದರಿಕೆ ಈ ಕೊನೆಯದೊಂದೇ. ಉಳಿದವೆಲ್ಲ ಅದರ ಮೇಲೆ ಹೊದಿಸಿದ ಚಾದರಗಳು.

ಇಷ್ಟಕ್ಕೆಲ್ಲ ಕಾರಣ ದಸ್ತಗೀರ್ ಚಾಚಾ. ಆಟಕ್ಕೆ ಬೆನ್ನು ಮಾಡಿ ಕೂರುತ್ತಿದ್ದ ಕೋಚ್.

ಇದು ಮಾತಿನ ಅಲಂಕಾರವಲ್ಲ. ಸಯನ್‌ನ ನಮ್ಮ ಮೈದಾನದಲ್ಲಿ ಹುಡುಗಿಯರ ಬೇಸ್‌ಬಾಲ್ ಟೀಮಿಗೆ ಆಯ್ಕೆ ನಡೆದ ದಿನ ನಾನು ಆತನನ್ನು ಮೊದಲು ನೋಡಿದ್ದು ಹಾಗೆಯೇ. ಒಂದು ಬಕೆಟ್ಟನ್ನು ಬೋರಲು ಹಾಕಿಕೊಂಡು, ಹುಡುಗಿಯರು ಎಸೆಯುವ ಕಡೆಗೆ ಬೆನ್ನು ತಿರುಗಿಸಿ, ಬಲೆಯ ಆಚೆ ನಿಂತ ಅಪ್ಪ ಅಮ್ಮಂದಿರನ್ನು ನೋಡುತ್ತ ಕೂತಿದ್ದ. ತೆಳ್ಳಗಿನ ಮೈ, ಮೆಹಂದಿ ಹಚ್ಚಿದ ಗಡ್ಡ, ಹಲ್ಲುಗಳ ನಡುವೆ ಒಂದು ದಪ್ಪ ಸೂಜಿ. ಹಿಂದೆ ಚೆಂಡು, ಅದನ್ನು ಹಿಡಿಯಲು ಕೂತ ಕ್ಯಾಚರಳ ಗ್ಲೌಸಿಗೆ ಬಿದ್ದಾಗ ಆಗುವ ಸದ್ದನ್ನಷ್ಟೇ ಕೇಳಿ, ತಿರುಗಿ ನೋಡದೆ ಹೇಳುತ್ತಿದ್ದ: "ಇದು ನಡೀತದ. ಇದು ಬ್ಯಾಡ. ಇದರ ಮೊಳಕೈ ಬಾಗೇದ, ನಾಳೆ ಕರಕೊಂಡ್ ಬರ್ರಿ."

"ಸಾಹೇಬ್ರ, ಆಟ ಆ ಕಡೆ ನಡದದ," ಎಂದೆ ನಾನು, ತಡೆಯಲಾರದೆ.

ಸೂಜಿ ತೆಗೆಯದೆಯೇ ಹೇಳಿದ: "ಆಟ ಕಿವೀಲೆ ಕೇಳ್ತದ. ನಿಮ್ಮ ಮಾರಿ ಕೇಳಂಗಿಲ್ಲಲ್ಲ, ನೋಡ್ಬೇಕಾಗ್ತದ."

ಅಂದೇ ನಮ್ಮಿಬ್ಬರ ವೈರಕ್ಕೆ ಮುಹೂರ್ತವಾಯಿತು.

ಆತನ ಊರು ವಿಜಯಪುರದ ಕಡೆಯ ಇಂಡಿ. ನಮ್ಮದು ಧಾರವಾಡ, ಅಡ್ಡಹೆಸರು ಅಂಗಡಿ. ಮುಂಬೈಯಲ್ಲಿ ಇಷ್ಟು ಸಾಕು, ಜನ ಅಣ್ಣತಮ್ಮಂದಿರಾಗುತ್ತಾರೆ. ನಾವು ಆಗಲಿಲ್ಲ. ಬೈಕುಲ್ಲಾದ ಒಂದು ಗಲ್ಲಿಯಲ್ಲಿ ಆತನದು ಚರ್ಮದ ಹೊಲಿಗೆಯ ಖೋಲಿ, ಒಂದೇ ಕೋಣೆ. ಕ್ರಿಕೆಟ್ ಪ್ಯಾಡು, ಬಾಕ್ಸಿಂಗ್ ಗ್ಲೌಸು, ಹರಿದ ಚೆಂಡು ಎಲ್ಲ ಅಲ್ಲಿ ಮತ್ತೆ ಮೈದುಂಬಿಕೊಳ್ಳುತ್ತಿದ್ದವು. ಬೇಸ್‌ಬಾಲ್ ಕಲಿತದ್ದೂ ಹಾಗೆಯೇ ಅಂತೆ: ಯಾರೋ ಹೊಲಿಗೆಗೆ ಕೊಟ್ಟ ಗ್ಲೌಸನ್ನು ಒಯ್ಯಲು ಬರಲೇ ಇಲ್ಲ, ಇದನ್ನು ಹಾಕಿಕೊಂಡು ಏನು ಮಾಡುತ್ತಾರೆ ಎಂದು ಹುಡುಕಿಕೊಂಡು ಹೋದನಂತೆ. ನಮ್ಮ ಬಿಲ್ಡಿಂಗಿನವರಿಗೆ ಈಗಲೂ ಅದು ಕೆಟ್ಟುಹೋದ ಕ್ರಿಕೆಟ್. "ಹೊಡದ್ ಮ್ಯಾಲೆ ಯಾಕ್ ಅಡ್ಡ ಓಡ್ತಾರ ಹುಡುಗ್ಯಾರು?" ಎಂದು ಕೇಳುತ್ತಾರೆ.

ಸಹನಾ ಪಿಚರ್ ಆದಳು, ಅಂದರೆ ಎಸೆಯುವವಳು. ನಾನು ಕ್ಲಬ್ಬಿನ ಜಂಟಿ ಕಾರ್ಯದರ್ಶಿಯಾದೆ. ಮೈದಾನದ ಪರವಾನಗಿಗೆ ಅರ್ಜಿ ಬರೆಯಲು ಬೇರೆ ಯಾರೂ ಒಪ್ಪಲಿಲ್ಲ, ಅಷ್ಟೇ. ಆದರೆ ನನ್ನ ಅಸಲಿ ಹುದ್ದೆ ಬಲೆಯ ಹಿಂದೆ ಗ್ಲುಕೋಸ್ ನೀರಿನ ಬಾಟಲಿ ಹಿಡಿದು ನಿಲ್ಲುವುದು. ನೀಲಿ ಬಾಟಲಿ, ಬಿಳಿ ಮುಚ್ಚಳ. ಆಕೆ ನನ್ನ ಕಡೆ ನೋಡಿದಾಗಲೆಲ್ಲ ಅದನ್ನು ಎತ್ತಿ ತೋರಿಸುತ್ತಿದ್ದೆ. ನೀರು ಬೇಕೇನು ಎಂದಲ್ಲ, ನಾನಿದ್ದೇನೆ ಎಂದು.

ದಸ್ತಗೀರ್ ಚಾಚಾನಿಗೆ ಆ ಬಾಟಲಿ ಕಂಡರೆ ಆಗುತ್ತಿರಲಿಲ್ಲ. "ಅಂಗಡಿ ಸಾಹೇಬ್ರ, ಇದೇನು ಆರತಿ ಎತ್ತಾಕತ್ತೀರೇನ್ರಿ?" ಎಂದು ಎಲ್ಲರೆದುರು ಕೂಗುತ್ತಿದ್ದ. ಹುಡುಗಿಯರು ನಗುತ್ತಿದ್ದರು. ಸಹನಾ ನಗುತ್ತಿರಲಿಲ್ಲ, ಕಿವಿ ಕೆಂಪಾಗುತ್ತಿತ್ತು. ನಾನು ಮಾತಿನಲ್ಲಿ ಆತನಿಗೆ ಸಾಹೇಬ್ರ ಎನ್ನುತ್ತಿದ್ದೆ. ಮನಸ್ಸಿನಲ್ಲಿ ಅನ್ನುತ್ತಿದ್ದುದನ್ನು ಇಲ್ಲಿ ಬರೆಯಲಾಗದು.

ಮುಂಬೈಯಲ್ಲಿ ಬೇಸ್‌ಬಾಲ್ ಆಡುವ ಹುಡುಗಿಯರು ಕಡಿಮೆ. ಹಾಗಾಗಿ ಲೀಗಿಗೆ ಮುಂಚೆ ಕೋಚುಗಳು ಒಂದೆಡೆ ಕೂತು ಯಾರನ್ನು ಇಟ್ಟುಕೊಳ್ಳುವುದು, ಯಾರನ್ನು ಬಿಟ್ಟುಕೊಡುವುದು ಎಂದು ತಂತಮ್ಮಲ್ಲಿ ಅದಲುಬದಲು ಮಾಡಿಕೊಳ್ಳುತ್ತಾರೆ. ಆ ವರ್ಷ ನಮ್ಮಲ್ಲಿ ಮೂವರು ಪಿಚರ್, ಒಬ್ಬಳೂ ಒಳ್ಳೆಯ ಕ್ಯಾಚರ್ ಇಲ್ಲ. ಭಾಂಡುಪ್‌ನಲ್ಲಿ ಇಬ್ಬರು ಕ್ಯಾಚರ್, ಪಿಚರ್ ಇಲ್ಲ. ಮೂವರಲ್ಲಿ ಸಹನಾಳೇ ಚಲೋ ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ನನಗೆ ನಿದ್ದೆ ಬರಲಿಲ್ಲ. ಆಕೆಯನ್ನು ಯಾಕೆ ಇಟ್ಟುಕೊಳ್ಳಬೇಕು ಎಂಬುದಕ್ಕೆ ಹನ್ನೊಂದು ಕಾರಣಗಳನ್ನು ಆಫೀಸಿನಲ್ಲಿ ಟೈಪು ಮಾಡಿಕೊಂಡು ಬೈಕುಲ್ಲಾದ ಖೋಲಿಗೆ ಹೋದೆ.

ಭಾಂಡುಪ್‌ನ ಕೋಚ್ ಸಾವಂತ್ ಮೇಡಂ ಆಗಲೇ ಬಂದು ಚಹಾ ಕುಡಿಯುತ್ತಿದ್ದರು. ದಸ್ತಗೀರ್ ಚಾಚಾ ನನ್ನ ಕಾಗದವನ್ನು ತೆಗೆದುಕೊಂಡ, ಮೇಲಿಂದ ಕೆಳಗೆ ನೋಡಿದ, ಮಡಚಿ ಸೂಜಿಗೆ ಹತ್ತಿದ್ದ ಮೇಣ ಒರೆಸಿಕೊಂಡ.

"ಸಹನಾನ್ನ ಕೊಟ್ಟೆ," ಎಂದ ಸಾವಂತ್ ಮೇಡಂಗೆ. ಅವರಿಗೇ ನಂಬಿಕೆ ಬರಲಿಲ್ಲ. "ಪಕ್ಕಾ ನಾ, ಚಾಚಾ? ನಂತರ್ ಬೋಲಾಯಚಂ ನಾಹೀ," ಎಂದರು, ಆಮೇಲೆ ಮಾತು ಬದಲಿಸುವಂತಿಲ್ಲ ಎಂದು.

"ಪಕ್ಕಾ."

"ಯಾಕ್ರೀ?" ನನ್ನ ದನಿ ನನಗೇ ಕೀರಲಾಗಿ ಕೇಳಿತು. "ಆಕಿ ಎಲ್ಲಾರಕಿಂತ ಚಲೋ ಒಗೀತಾಳ. ನೀವಽ ಅಂದೀರಿ."

"ಅಂದೇನಿ. ಈಗೂ ಅಂತೀನಿ."

"ಮತ್ತ?"

"ಮತ್ತ ಏನಿಲ್ಲ. ಚಹಾ ಆರಾಕತ್ತದ, ಕುಡೀರಿ."

ನಾನು ಕುಡಿಯಲಿಲ್ಲ. ಆತನ ಖೋಲಿಯಲ್ಲಿ ನಿಂತು ಆತನಿಗೆ ಏನೇನೋ ಅಂದೆ. ಹೊಟ್ಟೆಕಿಚ್ಚು ಅಂದೆ, ಮಂದಿಯ ಮಕ್ಕಳು ನಿಮಗೆ ಹಳೇ ಗ್ಲೌಸು ಏನು ಎಂದೆ. ಆತ ಒಂದು ಹೊಲಿಗೆ ಮುಗಿಸಿ, ದಾರ ಕಡಿದು, "ಗ್ಲೌಸಿಗೆ ಅಪ್ಪ ಇರಂಗಿಲ್ಲ, ಅದಽ ಆರಾಮ," ಎಂದ. ಮುಂದಿನ ವಾರ ಕಮಿಟಿಯಲ್ಲಿ ಆತನನ್ನು ತೆಗೆದುಹಾಕಬೇಕೆಂದು ನಾನೇ ಸೂಚನೆ ಮಂಡಿಸಿದೆ: ಆಟ ನೋಡುವುದಿಲ್ಲ, ಬಾಯಿ ಸರಿಯಿಲ್ಲ, ಬಾಯಲ್ಲಿ ಸೂಜಿ ಇರುತ್ತದೆ. ಎಲ್ಲರೂ ತಲೆಯಾಡಿಸಿದರು. ಹಾಗಾದರೆ ಬೆಳಗ್ಗೆ ಆರಕ್ಕೆ ಬಂದು ಪುಕ್ಕಟೆ ಕಲಿಸುವವರು ಯಾರು ಎಂದು ಅಧ್ಯಕ್ಷರು ಕೇಳಿದಾಗ ಎಲ್ಲರೂ ಮೊಬೈಲ್ ನೋಡತೊಡಗಿದರು. ನಾನೂ ನೋಡಿದೆ.

ಸಹನಾ ಮೂರು ದಿನ ಬ್ಯಾಗು ಮುಟ್ಟಲಿಲ್ಲ. ಚಾಚಾ ತನ್ನನ್ನು ಹೊರಗೆ ಹಾಕಿದ ಎಂಬುದು ಆಕೆಗೆ ಹಲ್ಲುನೋವಿನಂತೆ ಆಗಿತ್ತು. ನಾಲ್ಕನೆಯ ದಿನ ನನ್ನೆದುರು ಬಂದು ನಿಂತಳು.

"ಪಪ್ಪಾ, ನಾ ಭಾಂಡುಪ್‌ಗೆ ಹೋಗ್ತೀನಿ. ಲೇಕಿನ್ ನೀ ಬರಬ್ಯಾಡ. ಮತ್ಲಬ್... ಮ್ಯಾಚಿಗೂ ಬರಬ್ಯಾಡ. ನೀ ಬಂದ್ರ ನಾ ಆಡಂಗಿಲ್ಲ, ಖರೇನ."

ಒಪ್ಪಿದೆ. ಎರಡು ತಿಂಗಳು ಸಾವಂತ್ ಮೇಡಂ ಆಕೆಯನ್ನು ಜೊತೆಗೇ ಕರೆದೊಯ್ದು ಕರೆತಂದರು. ಆಮೇಲೆ ಬಂದದ್ದು ಆ ಭಾನುವಾರ. ಭಾಂಡುಪ್ ಮೈದಾನ, ಎದುರಿಗೆ ನಮ್ಮ ಸಯನ್ ಟೀಮು, ಮೇಡಂ ಬೆಳಗ್ಗೆಯೇ ಮೈದಾನ ಸಜ್ಜುಮಾಡಬೇಕು. ಸಹನಾ ಒಬ್ಬಳೇ ಹೊರಟಳು. ಹತ್ತು ನಿಮಿಷಕ್ಕೆ ನೋಡುತ್ತೇನೆ, ನೀಲಿ ಬಾಟಲಿ ಅಡುಗೆಮನೆಯ ಕಟ್ಟೆಯ ಮೇಲೇ ಇದೆ.

"ಅಲ್ಲಿ ನೀರು ಸಿಗಂಗಿಲ್ಲೇನು?" ಎಂದಳು ಹೆಂಡತಿ. ನಾನು ಆಗಲೇ ಚಪ್ಪಲಿ ಮೆಟ್ಟಿದ್ದೆ.

ಮೈದಾನದ ಗೇಟಿನಲ್ಲಿ ದಸ್ತಗೀರ್ ಚಾಚಾ ಅದೇ ಬಕೆಟ್ಟಿನ ಮೇಲೆ, ಆಟಕ್ಕೆ ಬೆನ್ನು ಮಾಡಿ, ರಸ್ತೆಯ ಕಡೆ ನೋಡುತ್ತ ಕೂತಿದ್ದ. ನನಗಾಗಿಯೇ ಕೂತವನಂತೆ.

"ಬಂದ್ರೇನು," ಎಂದ.

"ಬಾಟ್ಲಿ ಮರತಾಳ. ಕೊಟ್ಟು ಹೋಗ್ತೀನಿ. ಸರೀರಿ."

ಸರಿಯಲಿಲ್ಲ. ಹಲ್ಲಿನ ನಡುವಿನ ಸೂಜಿಯನ್ನು ತೆಗೆದು ಅಂಗಿಯ ಕಾಲರಿಗೆ ಚುಚ್ಚಿಕೊಂಡ. ಖೋಲಿಯ ಹೊರಗೆ ಅದನ್ನು ತೆಗೆದು ಮಾತಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಸಾಹೇಬ್ರ, ಆಕಿ ಒಗ್ಯಾಕ ಮುಂಚೆ ಪ್ರತೀ ಸಲ ಎಲ್ಲಿ ನೋಡ್ತಿದ್ಲು, ನನಗ ಬೆನ್ನು ತಿರುವಿದ್ರೂ ಗೊತ್ತಿತ್ತು. ಆಕಿ ನೋಡಿದ್ ಕೂಡ್ಲೇ ನಿಮ್ಮ ಬಾಟ್ಲಿ ಮ್ಯಾಲೆ ಏಳ್ತಿತ್ತಲ್ಲ. ನಾ ಆಕಿನ್ನ ಕೊಟ್ಟಿಲ್ಲ. ನಿಮ್ಮನ್ನ ಕೊಟ್ಟೆ. ನೀವು ನೋಡಿದ್ರ ಇಲ್ಲೀತನ ಬೆನ್ನು ಹತ್ತಿ ಬಂದೀರಿ."

ಹೇಳಲು ನನ್ನ ಬಳಿ ಹನ್ನೊಂದು ಕಾರಣಗಳಿದ್ದವು. ನಾನು ಬಾಟಲಿಯನ್ನಷ್ಟೇ ಮುಂದೆ ಹಿಡಿದೆ. ಆತ ಕೈಚಾಚಿ ಬಾಟಲಿ ಕಿತ್ತುಕೊಂಡ, ಮುಚ್ಚಳ ತಿರುವಿದ, ಗಟಗಟನೆ ಪೂರ್ತಿ ಕುಡಿದ. ಗಡ್ಡ ಒರೆಸಿಕೊಂಡು ಖಾಲಿ ಬಾಟಲಿಯನ್ನು ನನ್ನ ಕೈಗಿಟ್ಟ.

"ಸಕ್ರಿ ಜಾಸ್ತಿ ಆಗೇದ," ಎಂದ. "ಈಗ ಮನೀಗಿ ನಡೀರಿ."

ಆತನ ಭುಜದಾಚೆ ದೂರದಲ್ಲಿ ಸಹನಾ ಎಸೆಯಲು ನಿಂತಿದ್ದಳು. ನನ್ನ ಕೈ ತಾನಾಗಿ ಅರ್ಧ ಮೇಲೆದ್ದಿತು. ಆಕೆ ಕ್ಯಾಚರಳ ಕಡೆಯಷ್ಟೇ ನೋಡಿದಳು, ಎಸೆದಳು. ಗ್ಲೌಸಿನಲ್ಲಿ ಬಿದ್ದ ಸದ್ದು ಗೇಟಿನವರೆಗೂ ಬಂತು. ಆತ ತಿರುಗಿ ನೋಡಲಿಲ್ಲ, ತಲೆಯನ್ನೊಂದು ಸಲ ಆಡಿಸಿದ. ಆತನದೇ ಟೀಮು ಸೋಲತೊಡಗಿತ್ತು.

ನಾನು ಮರಳಿದೆ. ಆತನನ್ನು ನೋಡಿದ್ದು ಅದೇ ಕೊನೆ. ಆ ಮಳೆಗಾಲ ಬೈಕುಲ್ಲಾದ ಆ ಬಿಲ್ಡಿಂಗು ರಿಡೆವಲಪ್‌ಮೆಂಟಿಗೆ ಹೋಯಿತು. ಖೋಲಿಗೆ ಬೀಗ, ಆಮೇಲೆ ಬೀಗವೂ ಇಲ್ಲ, ಗೋಡೆಯೂ ಇಲ್ಲ. ಚಾಚಾ ಇಂಡಿಗೆ ಹೋದ ಎಂದು ಒಬ್ಬರು, ಮುಂಬ್ರಾದಲ್ಲಿದ್ದಾನೆ ಎಂದು ಇನ್ನೊಬ್ಬರು. ಒಂದು ಸಲ ಆ ಗಲ್ಲಿಯತ್ತ ಹೋಗಿದ್ದೆ. ಜಗಳ ಪೂರ್ತಿ ಮಾಡಲು ಎಂದೇ ಹೋಗಿದ್ದು, ಬೇರೆ ಏನಕ್ಕೂ ಅಲ್ಲ.

ಆ ಭಾನುವಾರ ಮೆಗಾಬ್ಲಾಕ್ ಇರಲಿಲ್ಲ. ಸಹನಾ ಸರಿಯಾದ ಗಾಡಿಯನ್ನೇ ಹತ್ತಿದ್ದಳು, ಹಲ್ಲು ನೆಟ್ಟಗಿದೆ, ಗೆದ್ದು ಬಂದಳು, ಈಗಲೂ ಆಡುತ್ತಾಳೆ. ಕೆಟ್ಟದ್ದು ಒಂದೇ, ಅದು ನನಗೆ ಗೊತ್ತಾದದ್ದು ಸಯನ್ ಸ್ಟೇಷನ್ನಿನಲ್ಲಿ ಇಳಿದ ಮೇಲೆ: ಬಾಟಲಿಯ ಬಿಳಿ ಮುಚ್ಚಳ ಆತನ ಬಳಿಯೇ ಉಳಿದುಹೋಗಿತ್ತು.