ಬಿತುಟು ಇಳಿಸಿದ ತಂತಿ

ನಮ್ಮ ಹೆಣ್ಣುಮಕ್ಕಳ ಶಾಲೆಯ ಹಾಸ್ಟೆಲಿನ ಹೊದಿಕೆಗಳನ್ನೆಲ್ಲ ಒಗೆದುಕೊಡುತ್ತಿದ್ದವಳು ಬಿತುಟು. ದಿನಕ್ಕೆ ಇಪ್ಪತ್ತರಂತೆ, ಭಾನುವಾರ ಬಿಟ್ಟು ವಾರವೆಲ್ಲ. ನಾನು ಆ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಅವಳ ಹಿತ್ತಿಲಿಗೂ ನನ್ನ ಮನೆಗೂ ನಡುವೆ ಇದ್ದದ್ದು ಒಂದು ಬೇಲಿ, ಆರು ಬಾಳೆಗಿಡ.

ಒದ್ದೆ ಹೊದಿಕೆಯ ಭಾರಕ್ಕೆ ಹಗ್ಗ ತಡೆಯುವುದಿಲ್ಲವೆಂದು ಅವಳ ಗಂಡ ಓಯಾರೊ ಮದುವೆಯಾದ ವರ್ಷವೇ ಗಟ್ಟಿ ಕಬ್ಬಿಣದ ತಂತಿ ಎಳೆದುಕೊಟ್ಟಿದ್ದ. ಹಿತ್ತಿಲ ಕೊನೆಯ ಬೆಣ್ಣೆಹಣ್ಣಿನ ಮರದಿಂದ ಹೊರಟ ತಂತಿ ಅಡುಗೆಮನೆಯ ತಗಡಿನ ಸೂರಿನ ಕೆಳಗಿದ್ದ ಕೊಕ್ಕೆಗೆ ಬಂದು ಸೇರುತ್ತಿತ್ತು. ಜೋತುಬೀಳದಿರಲೆಂದು ನಡುವೆ ಒಂದು ಕಬ್ಬಿಣದ ಪೈಪು ನೆಟ್ಟಿದ್ದ. ನಮ್ಮ ಕಿಸಿ ಬೆಟ್ಟಸೀಮೆಯ ಕೆಂಪುಮಣ್ಣಿನಲ್ಲಿ ಮಳೆ ಬಂದರೆ ಕಂಬ ವಾಲುತ್ತದೆ. ಅದಕ್ಕೆ ಹೊಳೆಯಿಂದ ಮರಳು ಹೊತ್ತು ತಂದು ಗುಂಡಿಗೆ ತುಂಬಿ ಗಿಡಿದಿದ್ದ. ಇಪ್ಪತ್ತೆರಡು ವರ್ಷ ಅದು ಅಲುಗಲಿಲ್ಲ. ಓಯಾರೊ ಚಹಾ ಎಲೆ ತೂಗುವ ಕಟ್ಟೆಯಲ್ಲಿ ಕೆಲಸಕ್ಕಿದ್ದ, ಮಾತು ಕಡಿಮೆ. ಆದರೆ ಯಾರಾದರೂ ಹಿತ್ತಿಲಿಗೆ ಬಂದರೆ ಆ ತಂತಿಯನ್ನೊಮ್ಮೆ ಬೆರಳಲ್ಲಿ ಮೀಟಿ ತೋರಿಸದೆ ಬಿಡುತ್ತಿರಲಿಲ್ಲ.

ನಮ್ಮ ಬೆಟ್ಟದಲ್ಲಿ ಗುಡುಗದ ಮಧ್ಯಾಹ್ನವೇ ಅಪರೂಪ. ಎರಡು ಗಂಟೆಯ ಹೊತ್ತಿಗೆ ಸರೋವರದ ಕಡೆಯಿಂದ ಮೋಡ ಏರಿ ಬರುತ್ತದೆ, ನಾಲ್ಕಕ್ಕೆ ಸುರಿದು ಹೋಗುತ್ತದೆ. ಬಿತುಟುವಿನ ಬದುಕೇ ಆ ಮೋಡದ ಜೊತೆ ಓಟ. ಅವಳ ಅತ್ತೆ ಕೆರುಬೊ ಒಲೆಯ ಮುಂದೆ ಕೂತೇ ಸೊಸೆಯ ಓಟವನ್ನು ಆಡಿಕೊಳ್ಳುತ್ತಿದ್ದಳು. "ಮೋಡ ನಿನ್ನ ಮುಖ ನೋಡ್ಕೊಂಡು ಬರುತ್ತೇನೇ? ಬೇಗ ಬೇಗ ಎಳ್ಕೋ" ಎನ್ನುವುದು ಬೇಲಿಯಾಚೆ ನನಗೂ ಕೇಳುತ್ತಿತ್ತು.

ಏಪ್ರಿಲ್ ತಿಂಗಳ ಒಂದು ಮಂಗಳವಾರ. ಹದಿನೇಳು ಹೊದಿಕೆ ಎಳೆದುಕೊಂಡಿದ್ದಳು, ಮೂರು ಉಳಿದಿದ್ದವು. ಬುಟ್ಟಿ ತುಂಬಿ ಬಾಯಿ ಬಿಟ್ಟಿತ್ತು. ಅದನ್ನು ಒಳಗಿಟ್ಟು ಬರೋಣವೆಂದು ಮಲಗುವ ಮನೆಯ ಹೊಸ್ತಿಲು ದಾಟಿದಳು. ಆಗ ಬಡಿಯಿತು.

ನಾನು ಶಾಲೆಯಿಂದ ಆಗಷ್ಟೇ ಬಂದಿದ್ದೆ. ಬೆಳಕು ಕಂಡೆನೋ ಸದ್ದು ಕೇಳಿದೆನೋ ಇವತ್ತಿಗೂ ಹೇಳಲಾರೆ. ಎರಡೂ ಒಂದೇ ಆಗಿದ್ದವು. ಓಡಿಹೋಗಿ ನೋಡಿದರೆ ಬೆಣ್ಣೆಹಣ್ಣಿನ ಮರದ ಸಿಪ್ಪೆ ತುದಿಯಿಂದ ಬುಡದವರೆಗೆ ಸುಲಿದು ಹೋಗಿತ್ತು. ಕೆಳಗೆ ಕಟ್ಟಿದ್ದ ಹಸು ಸತ್ತು ಬಿದ್ದಿತ್ತು, ಮೈಮೇಲೆ ಗಾಯವಿಲ್ಲ, ಬಾಯಲ್ಲಿ ಹುಲ್ಲು ಹಾಗೇ ಇತ್ತು. ಅಡುಗೆಮನೆಯಲ್ಲಿ ಕೆರುಬೊ ಒಲೆಯಿಂದ ಎರಡು ಮಾರು ದೂರ ಗೋಡೆಗೊರಗಿ ಕಣ್ಣು ಬಿಟ್ಟುಕೊಂಡು ಕೂತಿದ್ದಳು. ಉಸಿರಾಡುತ್ತಿದ್ದಳು, ಮಾತಿಲ್ಲ. ಬಿತುಟುವಿಗೆ ಎಡಗಿವಿ ಅಂದಿನಿಂದ ಕೇಳಿಸಲಿಲ್ಲ.

ತಂತಿಯ ಮೇಲೆ ಉಳಿದಿದ್ದ ಮೂರು ಹೊದಿಕೆಗಳು ಎರಡೆರಡು ತುಂಡಾಗಿ ತಂತಿಯ ಆಚೆಗೂ ಈಚೆಗೂ ಬಿದ್ದಿದ್ದವು. ಮಡಿಕೆ ಇದ್ದ ಜಾಗದಲ್ಲಿ ಗೆರೆ ಎಳೆದ ಹಾಗೆ ಸುಟ್ಟಿತ್ತು. ಉಳಿದ ಬಟ್ಟೆ ಹಾಲಿನಂತೆ ಬಿಳಿ.

ಕೆರುಬೊ ಒಂಬತ್ತು ದಿನ ಮಾತಾಡಲಿಲ್ಲ. ಆ ನಾಲಗೆ ಸುಮ್ಮನಾದದ್ದನ್ನು ಊರು ಕಂಡಿರಲಿಲ್ಲ. ಹತ್ತನೆಯ ದಿನ ರಾಗಿಮುದ್ದೆ ಮುರಿದು ಸೊಪ್ಪಿಗೆ ಅದ್ದಿ ಬಾಯಿಗಿಟ್ಟುಕೊಂಡವಳು, "ಉಪ್ಪು ಸಾಲ್ದು" ಎಂದಳಂತೆ. ಬಿತುಟು ಎದ್ದು ಹೊರಗೆ ಹೋಗಿ ಅತ್ತಳಂತೆ.

ತಂತಿ ಮಾತ್ರ ಹಾಗೇ ಇತ್ತು. ಯಾರೂ ಮುಟ್ಟಲಿಲ್ಲ. ಯಾರೋ ಹೊಟ್ಟೆಕಿಚ್ಚಿನವರು ಕಳಿಸಿದ ಸಿಡಿಲು ಎಂದು ಒಂದು ಗುಂಪು, ದೇವರ ಕೈ ಬಿದ್ದ ಜಾಗ ಎಂದು ಇನ್ನೊಂದು ಗುಂಪು. ಮುಟ್ಟಬಾರದು ಎನ್ನುವುದರಲ್ಲಿ ಇಬ್ಬರದೂ ಒಂದೇ ಮಾತು. ಓಯಾರೊ ಹಿತ್ತಿಲಿಗೆ ಕಾಲಿಡುವುದನ್ನೇ ಬಿಟ್ಟ. ಬಿತುಟು ಬಟ್ಟೆಯನ್ನು ನನ್ನ ಬೇಲಿಯ ಮೇಲೆ ಒಣಹಾಕತೊಡಗಿದಳು.

ಆದರೆ ದಿನಾ ಬೆಳಿಗ್ಗೆ ಅವಳು ಆ ತಂತಿಯ ಕೆಳಗೆ ನಡೆದಾಡುವುದನ್ನು ನಾನು ನೋಡುತ್ತಿದ್ದೆ. ಮರದಿಂದ ಪೈಪಿನವರೆಗೆ, ಪೈಪಿನಿಂದ ಅಡುಗೆಮನೆಗೆ, ತಲೆಯೆತ್ತಿ, ಒಂದೊಂದೇ ಹೆಜ್ಜೆ. ಮೂರು ವಾರ ಹೀಗೆ ಕಳೆದ ಮೇಲೆ ಒಂದು ದಿನ ನನ್ನನ್ನು ಕರೆದಳು. ಮರದಲ್ಲಿ ಸುಲಿದ ಗೆರೆ ತಂತಿ ಕಟ್ಟಿದ ಎತ್ತರದವರೆಗೆ ಗೇಣಗಲವಿದೆ, ಅಲ್ಲಿಂದ ಕೆಳಗೆ ಎರಡೇ ಬೆರಳು. ತೋರಿಸಿ ಕೇಳಿದಳು, "ಉಳಿದಿದ್ದು ಎಲ್ಲಿ ಹೋಯ್ತು ಟೀಚರಮ್ಮ?" ನಾನು ಉತ್ತರ ಕೊಡುವ ಮೊದಲೇ ಅವಳ ಕೈ ತಂತಿಗುಂಟ ಹೋಗಿ ಅತ್ತೆ ಕೂತಿದ್ದ ಜಾಗದ ಮೇಲಿನ ಕೊಕ್ಕೆಯತ್ತ ನಿಂತಿತು. ಹದಿನೆಂಟು ವರ್ಷದಿಂದ ಕಪ್ಪುಹಲಗೆಯ ಮೇಲೆ ಮೋಡ ಬರೆದು, ಬಾಣ ಬರೆದು ಸಿಡಿಲಿನ ಪಾಠ ಮಾಡಿದವಳು ನಾನು. ಬೇಲಿಯಾಚೆಯ ಆ ತಂತಿಯನ್ನು ದಿನಾ ನೋಡಿಯೂ ನನಗದು ಹೊಳೆದಿರಲಿಲ್ಲ. ನಾಚಿಕೆಯಾಯಿತು.

ಆ ಸಂಜೆ ಅವಳು ಗಂಡನಿಗೆ ತಂತಿ ಇಳಿಸೋಣವೆಂದಳು. ಅವನು ಹೆದರಿದ. ಕಳಿಸಿದವರು ಯಾರೆಂದು ಗೊತ್ತಾಗದೆ ಕೈಹಾಕುವುದು ಬೇಡವೆಂದ. ಅವಳು ಹೇಳಿದ ಮಾತನ್ನು ಆಮೇಲೆ ಊರೇ ಆಡಿತು.

"ಕಳಿಸ್ದೋರು ಯಾರಾದ್ರೂ ಆಗ್ಲಿ. ಮನೆಯೊಳಕ್ಕೆ ದಾರಿ ಹಾಕ್ಕೊಟ್ಟೋರು ನಾವೇ ಅಲ್ವಾ?"

ಓಯಾರೊ ಊಟ ಬಿಟ್ಟು ಎದ್ದುಹೋದನಂತೆ. ತನ್ನ ಕೈಯಾರೆ ಎಳೆದ ತಂತಿಯಲ್ಲವೇ.

ಶನಿವಾರ ಬೆಳಿಗ್ಗೆ, ಆಕಾಶ ಶುಭ್ರವಾಗಿದ್ದಾಗ, ಬಿತುಟು ಏಣಿ ಹಾಕಿದಳು. ಬೇಲಿಯ ಗುಂಟ ಹತ್ತು ಹದಿನೈದು ಜನ ನಿಂತಿದ್ದರು. ಒಳಗೆ ಮಾತ್ರ ಯಾರೂ ಬರಲಿಲ್ಲ. ನಾನೊಬ್ಬಳು ಹೋಗಿ ಏಣಿ ಹಿಡಿದೆ. ಅವಳು ಇಕ್ಕಳದಿಂದ ಕೊಕ್ಕೆಯ ಹತ್ತಿರ ತಂತಿಯನ್ನು ಕಚ್ಚಿದಳು. ಒಂದೇ ಅದುಮಿಗೆ ಟಕ್ಕೆಂದು ಮುರಿಯಿತು. ಕೆಳಗಿಳಿದು ನೋಡಿದರೆ ಹೆಣಿಗೆಕಡ್ಡಿಯಷ್ಟು ದಪ್ಪವಿದ್ದ ತಂತಿ ಕೆಲವು ಕಡೆ ಸೂಜಿಯಷ್ಟೇ ಉಳಿದಿತ್ತು, ಕೆಲವು ಕಡೆ ಕಬ್ಬಿಣ ಕರಗಿ ಮಣಿಮಣಿಯಾಗಿ ಹೆಪ್ಪುಗಟ್ಟಿತ್ತು.

ಆಮೇಲೆ ಪೈಪು. ಅದು ಅವಳೊಬ್ಬಳ ಕೈಲಾಗುವುದಲ್ಲ. ಹಾರೆ ಹಾಕಿ ಮೀಟುತ್ತಿದ್ದಾಗ ಹಿಂದಿನಿಂದ ಎರಡು ಕೈ ಬಂದು ಪೈಪನ್ನು ಹಿಡಿದವು. ಓಯಾರೊ. ಇಬ್ಬರೂ ಸೇರಿ ಅಲುಗಿಸಿ ಅಲುಗಿಸಿ ಮೇಲೆತ್ತಿದರು.

ಪೈಪಿನ ತುದಿಗೆ ಏನೋ ಅಂಟಿಕೊಂಡು ಬಂದಿತು. ಬೇರೆಂದುಕೊಂಡೆವು. ಮರಳು ಉದುರಿದ ಮೇಲೆ ನೋಡಿದರೆ ಅದು ಬೇರಲ್ಲ. ಬೇರಿನ ಹಾಗೇ ಕವಲೊಡೆದ, ಮೊಣಕೈಯುದ್ದದ ಬೂದುಬಣ್ಣದ ಕೊಳವೆ. ಹೊರಗೆ ಮರಳಿನ ತರಿ, ಒಡೆದ ತುದಿಯಲ್ಲಿ ಒಳಗೆಲ್ಲ ಗಾಜು. ಓಯಾರೊ ಹೊಳೆಯಿಂದ ಹೊತ್ತು ತಂದಿದ್ದ ಮರಳು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಕಾಯ್ದು, ಕರಗಿ, ಗಾಜಾಗಿ ನಿಂತಿತ್ತು. ಸಿಡಿಲು ಮಣ್ಣಿನೊಳಗೆ ಎಲ್ಲೆಲ್ಲಿ ಹೋಯಿತೋ ಅದರ ಅಚ್ಚು ನಮ್ಮ ಕೈಯಲ್ಲಿತ್ತು. ಇಂಥದ್ದಿದೆ ಎಂದು ನಾನು ಓದಿದ್ದೆ. ಓದಿದ್ದಕ್ಕೂ ಇದಕ್ಕೂ ಸಂಬಂಧವೇ ಇಲ್ಲವೆನ್ನಿಸಿತು. ಅದು ಅಷ್ಟು ಹಗುರ, ಒಣಗಿದ ಈರುಳ್ಳಿ ಸಿಪ್ಪೆಯಷ್ಟು.

ಬೇಲಿಯ ಹತ್ತಿರ ನಿಂತವರು ಯಾವಾಗ ಒಳಗೆ ಬಂದರೋ, ನಮ್ಮ ಸುತ್ತ ನೆರೆದಿದ್ದರು. ಕೆರುಬೊ ಕೋಲೂರಿಕೊಂಡು ಬಂದಳು. ಸೊಸೆಯ ಅಂಗೈಯಲ್ಲಿದ್ದುದನ್ನು ಬಹಳ ಹೊತ್ತು ನೋಡಿದಳು. ಒಂದು ಬೆರಳಿಟ್ಟು ಸವರಿದಳು.

"ಇದೇನಾ ನನ್ನ ಮೈಯೊಳಗೂ ಹೋಗಿದ್ದು?" ಎಂದಳು ಮೆಲ್ಲಗೆ.

"ಇದರ ಒಂದು ಕವಲು, ಅತ್ತೆ" ಎಂದಳು ಬಿತುಟು.

ಮುದುಕಿ ಸೊಸೆಯ ಭುಜ ಹಿಡಿದುಕೊಂಡು ನೆಲಕ್ಕೆ ಕೂತಳು.

ಅಂದಿನಿಂದ ಬಿತುಟು, ಹೊದಿಕೆ ಒಣಗಿಸಿಕೊಟ್ಟು ಉಳಿದ ಹೊತ್ತಿನಲ್ಲಿ, ಇಕ್ಕಳ ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಮನೆಗೆ ಹೋಗತೊಡಗಿದಳು. ಮರದಿಂದ ಸೂರಿಗೆ ತಂತಿ ಕಟ್ಟಿದವರು ನಮ್ಮ ಬೆಟ್ಟದಲ್ಲಿ ಒಬ್ಬಿಬ್ಬರಲ್ಲ. ಕೆಲವರು ಒಪ್ಪಿದರು, ಕೆಲವರು ಬೈದು ಕಳಿಸಿದರು. ಬಳಪದ ಕಲ್ಲಿನಲ್ಲಿ ಬಟ್ಟಲು ಕೆತ್ತುವ ನ್ಯಾಮ್ವೇಯ ಎಂಬ ಮುದುಕ, "ಸಿಡಿಲಿಗೂ ನಿಂಗೂ ನೆಂಟಸ್ತನ ಆಯ್ತೇನವ್ವ?" ಎಂದು ಹಂಗಿಸಿದ. "ಬಂದು ಹೋಗಿದೆ, ಪರಿಚಯ ಆಯ್ತಲ್ಲ ಮಾವ" ಎಂದು ನಗುತ್ತ ಏಣಿ ಕೇಳಿದಳಂತೆ. ಅವನೇ ಏಣಿ ಹಿಡಿದ. ಬಿಚ್ಚಿದ ತಂತಿಯ ಬದಲು ಮನೆಯಿಂದ ದೂರ ಎರಡು ಮರದ ಗೂಟ ನೆಟ್ಟು ಕತ್ತಾಳೆ ಹಗ್ಗ ಕಟ್ಟಿಸುತ್ತಿದ್ದಳು.

ಮರುವರ್ಷದ ಮಳೆಯಲ್ಲಿ ನ್ಯಾಮ್ವೇಯನ ಹಿತ್ತಿಲ ಮರಕ್ಕೆ ಸಿಡಿಲು ಬಡಿಯಿತು. ಮನೆಯಲ್ಲಿ ಆರು ಜನರಿದ್ದರು, ಯಾರಿಗೂ ಏನೂ ಆಗಲಿಲ್ಲ. ತಂತಿ ಇದ್ದಿದ್ದರೆ ಏನಾಗುತ್ತಿತ್ತೆಂದು ಯಾರಿಗೂ ಹೇಳಲು ಬಾರದು. ಬಿತುಟುವೂ ತನ್ನಿಂದ ಉಳಿದರೆಂದು ಒಮ್ಮೆಯೂ ಅನ್ನಲಿಲ್ಲ. ಮೋಡ ಸರಿದ ಮೇಲೆ ನಾವಿಬ್ಬರೂ ನೋಡಲು ಹೋದೆವು. ಮರ ತುದಿಯಿಂದ ಬುಡದವರೆಗೆ ಎರಡು ಸೀಳಾಗಿ ನಿಂತಿತ್ತು, ಒಳಗಿನ ತಿರುಳು ಬೆಳ್ಳಗೆ ಕಾಣುತ್ತಿತ್ತು. ಅವಳು ಹತ್ತಿರ ಹೋಗಿ ಸೀಳಿನೊಳಗೆ ಅಂಗೈ ಊರಿದಳು. ಕೇಳುವ ಕಿವಿಯನ್ನು ನನ್ನ ಕಡೆ ತಿರುಗಿಸಿ ನಿಂತಳು.

"ಇನ್ನೂ ಬೆಚ್ಚಗಿದೆ ಟೀಚರಮ್ಮ" ಎಂದಳು. "ಕೈ ಇಡಿ."

ನಾನೂ ಕೈಯಿಟ್ಟೆ.